ಹಂಚಿಹುಲ್ಲಿಗೆ ನೀರು ಹಾಕಿದ ವರ್ಷ

ನನ್ನ ಹೆಂಡತಿ ತೀರಿಕೊಂಡ ಮೇಲೆ ಐದಾರು ತಿಂಗಳು ನಾನು ಅವಳ ಹುಲ್ಲಿಗೆ ದಿನಕ್ಕೆ ಎರಡು ಸಲ ನೀರು ಹಾಕಿದೆ. ಹಾಕು ಅಂತ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದರೆ ಮಾಡಲು ಅದೊಂದು ಕೆಲಸ ಇತ್ತು, ಸಂಜೆ ಮತ್ತೆ ಅದೇ ಕೆಲಸ ಇತ್ತು. ಆ ಹುಲ್ಲಿಗೆ ನೀರು ಹಾಕಬಾರದು ಅನ್ನುವುದು ಅವಳ ಜೊತೆ ಅಷ್ಟು ವರ್ಷ ಬಾಳಿದ ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಹುಲ್ಲು ಎಂದರೆ ಹಂಚಿಹುಲ್ಲು. ಅಂಗಳ ಗುಡಿಸುವ ಹಂಚಿಕಡ್ಡಿ ಪೊರಕೆ ನಮ್ಮ ಕಡೆ ಬಹಳ ಮನೆಗಳಲ್ಲಿ ಇರುತ್ತದೆ. ಆದರೆ ಅದೇ ಕಡ್ಡಿ ನೆಲದಲ್ಲಿ ಬೆಳೆದು ನಿಂತಿರುವುದನ್ನು ತೋರಿಸಿದರೆ ಪೇಟೆಯವರು ಗುರುತು ಹಿಡಿಯುವುದಿಲ್ಲ. ಮದುವೆಗೆ ಮುಂಚೆ ನಾನೂ ಹಿಡಿಯುತ್ತಿರಲಿಲ್ಲ. ಬಂಡೆಯ ಪಕ್ಕ, ಸಣ್ಣಕಲ್ಲು ತುಂಬಿದ ಗರಸು ನೆಲದಲ್ಲಿ, ಬೇರೆ ಏನೂ ಬಾರದ ಇಳಿಜಾರಿನಲ್ಲಿ ಅದು ಗುಂಪು ಗುಂಪಾಗಿ ಬರುತ್ತದೆ. ಎಲೆಗೆ ಅಗಲವಿಲ್ಲ, ಒಳಕ್ಕೆ ಸುರುಳಿ ಸುತ್ತಿಕೊಂಡು ದಾರದ ಹಾಗೆ ಇರುತ್ತದೆ. ಕಡ್ಡಿ ಸೊಂಟದ ಎತ್ತರಕ್ಕೆ ಏಳುತ್ತದೆ. ಸ್ವೆಟರ್ ಹೆಣೆಯುವ ಕಡ್ಡಿಗಿಂತ ಸಣ್ಣದು, ಆದರೆ ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಎಳೆಯದಾಗಿದ್ದಾಗ ದನ ಒಂದೆರಡು ಬಾಯಿ ಹಾಕುತ್ತದೆ. ತೆನೆ ಬಂದ ಮೇಲೆ ಕುರಿ ಕೂಡ ಹತ್ತಿರ ಹೋಗುವುದಿಲ್ಲ, ಯಾಕೆಂದರೆ ಕಾಳಿನ ತಲೆಯ ಮೇಲೆ ಮೂರು ಗಡುಸು ಕೂದಲು, ಕೆಳಗೆ ಸೂಜಿಯಂಥ ಮೊನೆ. ಅದು ಪಂಚೆಗೆ, ಸೀರೆಯ ಅಂಚಿಗೆ, ಕುರಿಯ ತುಪ್ಪಟಕ್ಕೆ ಚುಚ್ಚಿಕೊಂಡು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಸೀಸೆ ತೊಳೆಯುವುದು, ಬರ್ನರ್ ಹಚ್ಚಿಕೊಡುವುದು, ಮೇಷ್ಟ್ರು ಕೇಳಿದ ಬಾಟಲಿ ತೆಗೆದುಕೊಡುವುದು ನನ್ನ ಕೆಲಸ. ಅಲ್ಲಿ ಒಂದು ಗಾಜಿನ ಸೀಸೆಯಲ್ಲಿ ಯಾವುದೋ ಹುಲ್ಲಿನ ಬುಡವನ್ನು ಬೇರುಸಹಿತ ಇಟ್ಟಿದ್ದರು. ಮೇಲೆ ‘ತಂತುಬೇರು’ ಅಂತ ಚೀಟಿ. ಒಮ್ಮೆ ನನ್ನ ಊಟದ ಡಬ್ಬಿ ಕೊಡಲು ಬಂದ ಹೆಂಡತಿ ಆ ಸೀಸೆಯನ್ನು ನೋಡಿ, “ಪಾಪ, ಇದನ್ನ ಯಾಕ್ರೀ ಹಿಂಗೆ ಮುಳುಗ್ಸಿ ಇಟ್ಟಿದೀರಾ?” ಅಂದಳು. ಅದು ಪಾಠಕ್ಕೆ ಅಂದೆ. “ಪಾಠ ಏನು, ನೀರಲ್ಲಿ ಇಟ್ರೆ ಸಾಯುತ್ತೆ ಅಂತಾನಾ?” ಅಂದಳು. ಮೇಷ್ಟ್ರೂ ನಕ್ಕರು. ನಾನೂ ನಕ್ಕೆ.

ನೀರಿನ ವಿಷಯ ನಮ್ಮಿಬ್ಬರ ಮಧ್ಯೆ ಯಾವಾಗಲೂ ಇತ್ತು. ನಮ್ಮೂರು ಕುಣಿಗಲ್ ತಾಲ್ಲೂಕಿನದು, ಮಾರ್ಕೋನಹಳ್ಳಿ ಜಲಾಶಯದ ಕಾಲುವೆ ಪಕ್ಕ. ಕಾಲುವೆಗೆ ನೀರು ಬಿಟ್ಟರೆ ಬೆಳೆ, ಬಿಡದಿದ್ದರೆ ಇಲ್ಲ. ಗಿಡ ಬಾಡಿದರೆ ನೀರು, ಹಳದಿಯಾದರೆ ಯೂರಿಯಾ. ಇದಕ್ಕಿಂತ ಹೆಚ್ಚಿನ ಬೇಸಾಯ ನಮ್ಮಪ್ಪನೂ ನನಗೆ ಹೇಳಿಕೊಡಲಿಲ್ಲ. ಅವಳು ಊರ್ಡಿಗೆರೆ ಕಡೆಯವಳು. ಅವರ ಹೊಲದ ಅರ್ಧ ಬಂಡೆ, ಉಳಿದರ್ಧ ಗರಸು. ಮದುವೆಯ ಹೊಸದರಲ್ಲಿ ನಮ್ಮೂರಿನ ಗದ್ದೆ ಬದುವಿನ ಮೇಲೆ ಎರಡು ಸಲ ಜಾರಿಬಿದ್ದು, ಸೀರೆ ಹಿಂಡಿಕೊಳ್ಳುತ್ತಾ, “ನಿಮ್ಮೂರಲ್ಲಿ ನೆಲಾನೇ ಇಲ್ಲ ಕಣ್ರೀ, ಬರೀ ಗಂಜಿ” ಅಂದಿದ್ದಳು. “ನಿಮ್ಮೂರಲ್ಲಿ ಮಣ್ಣೇ ಇಲ್ಲ ಕಣೇ” ಅಂತ ನಾನು. ಜಗಳವಾಡಲು ಬೇರೆ ಏನೂ ಸಿಗದ ದಿನ ನಾವು ಇದನ್ನೇ ಆಡುತ್ತಿದ್ದೆವು.

ತುಮಕೂರಿನಲ್ಲಿ ಮನೆ ಕಟ್ಟಿದ್ದು ಕೋರದ ಕಡೆ ಹೋಗುವ ಹೆದ್ದಾರಿಯಿಂದ ಒಳಗೆ, ಆಗ ಇನ್ನೂ ಯಾರೂ ಬಾರದ ಬಡಾವಣೆಯಲ್ಲಿ. ಸೈಟಿನ ಅರ್ಧಕ್ಕೆ ಮನೆ ಎದ್ದಿತು. ಹಿಂದಿನ ಅರ್ಧ ಕೆಂಪು ಗರಸು. ನಾನು ಅಲ್ಲಿಗೆ ಎರಡು ಟ್ರಾಕ್ಟರ್ ಕೆರೆಮಣ್ಣು ಹೊಡೆಸಿ ತೆಂಗು, ಬಾಳೆ ಇಡೋಣ ಅಂದೆ. ಅವಳು ಬೇಡ ಅಂದಳು. ಆ ಜನವರಿಯಲ್ಲಿ ತವರಿಗೆ ಹೋಗಿ ಬರುವಾಗ ಒಂದು ಹಳೇ ದಿಂಬಿನ ಚೀಲದ ತುಂಬಾ ಹಂಚಿಯ ಕಾಳು ತಂದಳು. ಪೊರಕೆ ಮಾಡುವಾಗ ಕಲ್ಲಿಗೆ ಬಡಿದು ಉದುರಿಸುತ್ತಾರಲ್ಲ, ಅದು. ಹಿಂದಿನ ಅಂಗಳದಲ್ಲಿ ನಿಂತು ಗಾಳಿಗೆ ತೂರಿದಳು. ಬಿತ್ತಿದ್ದು ಅಷ್ಟೇ. ಉಳಲಿಲ್ಲ, ಮುಚ್ಚಲಿಲ್ಲ. ಆ ವರ್ಷ ಏನೂ ಬರಲಿಲ್ಲ. ನಾನು ಆಡಿಕೊಂಡೆ. “ಅದಕ್ಕೆ ಅರ್ಜೆಂಟಿಲ್ಲ” ಅಂದಳು. ಮುಂದಿನ ಮುಂಗಾರಿಗೆ ಅಲ್ಲೊಂದು ಇಲ್ಲೊಂದು ಕೂದಲಿನಂಥ ಚಿಗುರು ಕಂಡಿತು. ಅದು ಎರಡು ವರ್ಷದ ಗುಂಪಾದ ಮೇಲೆ ಮೊದಲ ಮಳೆ ಬಿದ್ದ ಮಾರನೇ ದಿನ ಬುಡವನ್ನು ಕುಡುಗೋಲಿನಿಂದ ಸೀಳಿ, ಒಂದೊಂದು ಹಿಡಿಯನ್ನು ಮೊಳ ದೂರಕ್ಕೆ ನೆಟ್ಟಳು. ಗುಂಡಿಯನ್ನು ಬೆರಳುದ್ದಕ್ಕಿಂತ ಆಳ ಮಾಡಲಿಲ್ಲ. ಕಾಂಪೌಂಡಿನ ಆಚೆ, ಪಕ್ಕದ ಖಾಲಿ ಸೈಟಿನ ಅಂಚಿನಲ್ಲೂ ಒಂದು ಸಾಲು ಇಟ್ಟಳು. ಆ ಸೈಟಿನವರು ಇವತ್ತಿನವರೆಗೂ ಮನೆ ಕಟ್ಟಿಲ್ಲ.

ಅವಳಿಗೆ ಅಷ್ಟು ಹುಲ್ಲು ಬೇಕಿದ್ದುದಕ್ಕೆ ಒಂದು ಕಾರಣ ಇತ್ತು. ಗುಬ್ಬಿ ಹತ್ತಿರ ಒಂದು ಸಣ್ಣ ಮಠ ಇದೆ. ಅವಳ ತವರಿನವರು ಅದರ ಒಕ್ಕಲು. ಸಂಕ್ರಾಂತಿ ಕಳೆದ ಮೊದಲ ಸೋಮವಾರ ಅವರ ಮನೆಯಿಂದ ಆ ಮಠದ ಅಂಗಳಕ್ಕೆ ಐದು ಹೊಸ ಪೊರಕೆ ಹೋಗಬೇಕು. ಕೊಂಡದ್ದನ್ನು ಕೊಡುವ ಹಾಗಿಲ್ಲ. ಯಾರು ಕಟ್ಟಿದರೋ ಅವರೇ ಕೈಯಲ್ಲಿ ತರಬೇಕು. ಇದು ಅವರಲ್ಲಿ ತಾಯಿಯಿಂದ ಹಿರಿಯ ಮಗಳಿಗೆ, ಅವಳ ನಂತರ ಅವಳ ತಂಗಿಗೆ ಬರುವ ಸೇವೆ. ಅತ್ತೆಗೆ ಕೈಲಾಗದ ಮೇಲೆ ನನ್ನ ಹೆಂಡತಿಗೆ ಬಂತು. ಅವಳು ಒಂದು ವರ್ಷವೂ ತಪ್ಪಿಸಲಿಲ್ಲ. ಮಗಳು ಹೊಟ್ಟೆಯಲ್ಲಿದ್ದ ವರ್ಷ ಕೂಡ ಹೋದಳು.

ಈಗ ಒಂದು ಮಾತು ಬರೆಯಬೇಕು. ಅವಳು ಐದು ಪೊರಕೆಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಗುಬ್ಬಿ ಬಸ್ಸು ಹತ್ತುತ್ತಿದ್ದಳು. ಸುತ್ತಿದರೂ ತುದಿ ಕಾಣುತ್ತಿತ್ತು. ಹೊರಟ ಕೆಲಸಕ್ಕೆ ಪೊರಕೆ ಎದುರಾದರೆ ಒಳ್ಳೆಯದಲ್ಲ ಅಂತ ಕೆಲವರು ಮುಖ ತಿರುಗಿಸುತ್ತಿದ್ದರು. ಒಬ್ಬ ಕಂಡಕ್ಟರು “ಏನಮ್ಮಾ, ಬಸ್ಸು ಗುಡ್ಸಿಕೊಡ್ತೀಯಾ?” ಅಂದಿದ್ದ. ಅವಳು, “ಕೊಡ್ತೀನಪ್ಪಾ, ಮೊದ್ಲು ನೀನು ಕೆಳಗೆ ಇಳಿ” ಅಂದಿದ್ದಳು. ಬಸ್ಸೆಲ್ಲಾ ನಕ್ಕಿತು. ನಾನು ನಗಲಿಲ್ಲ. ನಾನು ಅವಳಿಂದ ಎರಡು ಸೀಟು ಹಿಂದೆ, ಬೇರೆ ಯಾರದೋ ಪಕ್ಕ ಕೂತಿದ್ದೆ. ಶಾಲೆಯವರು ಯಾರಾದರೂ ನೋಡಿದರೆ ಅನ್ನುವ ಅಂಜಿಕೆ. ಜೊತೆಗೆ ಹೋದ ವರ್ಷಗಳಲ್ಲೆಲ್ಲಾ ನಾನು ಹಾಗೇ ಕೂತೆ. ಅವಳು ಅದರ ಬಗ್ಗೆ ಏನೂ ಅನ್ನಲಿಲ್ಲ. ಗಮನಿಸಿರಲಿಲ್ಲ ಅಂತ ನಾನು ಅಂದುಕೊಳ್ಳುವ ಹಾಗಿಲ್ಲ.

ಕಳೆದ ಮುಂಗಾರಿಗೆ ಸ್ವಲ್ಪ ಮುಂಚೆ ಅವಳು ಹೋದಳು. ಬೆಳಿಗ್ಗೆ ಎದೆ ಉರಿ ಅಂದಳು, ಆಸ್ಪತ್ರೆಗೆ ಸೇರಿಸಿದೆವು, ಮೂರನೇ ದಿನ ಇಲ್ಲ. ಅದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ. ನಮ್ಮವರು ಎಲ್ಲರನ್ನೂ ಇಟ್ಟಿರುವ ಜಾಗದಲ್ಲಿ, ಕಾಲುವೆ ಪಕ್ಕದ ನಮ್ಮ ಹೊಲದಲ್ಲಿ ಅವಳನ್ನೂ ಕೂರಿಸಿ ಮಣ್ಣು ಮಾಡಿದೆವು. ಗುಂಡಿ ತೋಡುವಾಗ ತಳದ ಮಣ್ಣು ತೇವವಾಗಿತ್ತು. ವಿಭೂತಿ ಗಟ್ಟಿ ಇಡುವ ಮುಂಚೆ ಅವಳ ತಂಗಿ, ನನ್ನ ನಾದಿನಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿ, “ಒದ್ದೆ ಐತಲ್ಲ ಭಾವ” ಅಂದಳು. ಪಕ್ಕದವರು, “ತಂಪಾಗಿರ್ಲಿ ಬುಡವ್ವಾ” ಅಂದರು.

ತುಮಕೂರಿನ ಮನೆಯಲ್ಲಿ, ಅವಳನ್ನು ಎತ್ತಿದ ಮೇಲೆ, ಉಳಿದ ಹೆಂಗಸರು ಮನೆ ಗುಡಿಸಿ ತೊಳೆದರು. ಗುಡಿಸಿದ ಪೊರಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೊರಗೆ ದೂರ ಎಸೆಯುತ್ತಾರೆ. ಅವರು ಪದ್ಧತಿ ಪ್ರಕಾರ ಮಾಡಿದರು. ಆದರೆ ಅಡುಗೆಮನೆ ಬಾಗಿಲ ಹಿಂದೆ ಇದ್ದದ್ದು ಅವಳು ಕಟ್ಟಿದ ಕೊನೆಯ ಪೊರಕೆ. ಹನ್ನೊಂದನೇ ದಿನದ ಕಾರ್ಯ ಮುಗಿದು ನಾನು ಅದನ್ನು ಹುಡುಕಿದಾಗ ಅದು ಹೋಗಿ ಆಗಿತ್ತು. ರಸ್ತೆ ಕೊನೆಯ ಮೋರಿಯವರೆಗೂ ಹೋಗಿ ನೋಡಿ ಬಂದೆ. ಅವಳ ಕೈಯ ಕಟ್ಟು ಒಂದಾದರೂ ಉಳಿದಿದ್ದರೆ ಬಿಚ್ಚಿ ನೋಡಿ ಕಲಿಯಬಹುದಿತ್ತು ಅನ್ನಿಸಿತು.

ಯಾಕೆ ಕಲಿಯಬೇಕು ಅನ್ನುವುದನ್ನು ನಾದಿನಿ ಫೋನಿನಲ್ಲೇ ಕೇಳಿದಳು. “ಇನ್ಮೇಲೆ ಅದು ನಂಗೆ ಬಂತು ಭಾವ. ನಾನು ಕಟ್ಕೊಂಡು ಹೋಯ್ತೀನಿ. ನೀವು ಯಾಕೆ ತಲೆ ಕೆಡಿಸ್ಕಂತೀರಿ?”

“ಮುಂದಿನ ವರ್ಷದಿಂದ ನೀನೇ ಹೋಗಮ್ಮ. ಈ ಒಂದು ವರ್ಷ ಅವಳ ಹುಲ್ಲಿಂದ ಹೋಗ್ಲಿ.”

“ಕಟ್ಟೋರು ಯಾರು?”

“ನಾನು.”

“ನಿಮ್ ಪಂಚೆ ಗಂಟೇ ನಿಲ್ಲಲ್ಲ” ಅಂದಳು.

ಅವಳ ಮಾತು ನಿಜ. ಆದರೆ ಆ ವರ್ಷ ನನಗೆ ಬೇರೆ ಏನೂ ಬೇಕಿರಲಿಲ್ಲ. ಹೆಂಡತಿ ಹೋದ ಮೇಲೆ ಬರುವ ಮೊದಲ ಸಂಕ್ರಾಂತಿಯ ಸೋಮವಾರ ಆ ಅಂಗಳಕ್ಕೆ ನಮ್ಮ ಮನೆಯಿಂದ ಪೊರಕೆ ಹೋಗಬೇಕು, ಅದು ಅವಳು ನೆಟ್ಟ ಬುಡದ್ದೇ ಆಗಿರಬೇಕು. ಅದೊಂದನ್ನು ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೆ.

ಆ ವರ್ಷ ಮಳೆ ಹಿಡಿಯುವುದು ತಡವಾಯಿತು. ಹುಲ್ಲಿನ ಬುಡಗಳು ಒಣಗಿ ಬೂದಿ ಬಣ್ಣಕ್ಕೆ ನಿಂತಿದ್ದವು. ಅದು ಅವುಗಳ ಬೇಸಿಗೆಯ ಬಣ್ಣ, ಪ್ರತಿ ವರ್ಷವೂ ಹಾಗೇ ಇರುತ್ತಿದ್ದವು. ಆದರೆ ಹಿಂದಿನ ವರ್ಷಗಳಲ್ಲಿ ನಾನು ನೋಡಿದ್ದೆನೇ? ಈಗ ನೋಡಿದೆ, ಗಾಬರಿಯಾಯಿತು. ಬೋರಿನ ಪೈಪು ಎಳೆದುಕೊಂಡು ಹೋಗಿ ಹಿಂದಿನ ಅಂಗಳವನ್ನೆಲ್ಲಾ ನೆನೆಸಿದೆ. ವಾರದಲ್ಲಿ ಹಸಿರು ಬಂತು. ಆ ಹಸಿರು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಮ್ಮೂರಿನಿಂದ ಎರಡು ಚೀಲ ಕೊಟ್ಟಿಗೆ ಗೊಬ್ಬರ ತರಿಸಿ ಬುಡಬುಡಕ್ಕೂ ಹಾಕಿದೆ. ಶ್ರಾವಣದಲ್ಲಿ ಒಂದು ಹಿಡಿ ಯೂರಿಯಾವನ್ನೂ ಕರಗಿಸಿ ಬಿಟ್ಟೆ. ಮಳೆ ಬಂದ ದಿನವೂ ಪೈಪು ಹಿಡಿದು ನಿಂತದ್ದುಂಟು. ಹಿಂದಿನ ಮನೆಯವರು ಮಹಡಿಯಿಂದ ನೋಡಿ ಏನಂದುಕೊಂಡರೋ.

ಮಗಳು ಗುಬ್ಬಿಯಲ್ಲಿದ್ದಾಳೆ, ಅಲ್ಲಿಯ ಶಾಲೆಯಲ್ಲಿ ಟೀಚರು. ಭಾನುವಾರ ಬಂದವಳು ಹಿಂದಿನ ಬಾಗಿಲು ತೆಗೆದು, “ಅಪ್ಪಾ, ಅಮ್ಮ ಇದ್ದಾಗ್ಲೂ ಇಷ್ಟು ಚೆನ್ನಾಗಿ ಇರ್ಲಿಲ್ಲ ಕಣಪ್ಪಾ” ಅಂದಳು. ಹೇಳಿದ ಮೇಲೆ ಅವಳಿಗೇ ಒಂದು ಥರ ಆಯಿತು, ಒಳಗೆ ಹೋಗಿಬಿಟ್ಟಳು. ನನಗೆ ಮಾತ್ರ ಅದು ಹೊಗಳಿಕೆಯಾಗಿ ಕೇಳಿಸಿತು. ಎದೆಯುದ್ದ ಬೆಳೆದಿತ್ತು. ತೆನೆ ಬಂದಾಗ ಗಾಳಿಗೆ ಒಂದೇ ಸಮನೆ ಓಲಾಡುತ್ತಿತ್ತು. ನಾನು ಕಾಲುವೆ ಬಯಲಿನ ಮನುಷ್ಯ. ಬೆಳೆ ಓಲಾಡಿದರೆ ನಮಗೆ ಖುಷಿ.

ಡಿಸೆಂಬರ್ ಕೊನೆಯಲ್ಲಿ ನಾದಿನಿ ಬಂದಳು. ಐವತ್ತು ದಾಟಿದ ಹೆಂಗಸು, ಬಸ್ಸಿಳಿದು ನಡೆದೇ ಬಂದಿದ್ದಳು. ಸೊಂಟಕ್ಕೆ ಕುಡುಗೋಲು, ಕೈಯಲ್ಲಿ ಕತ್ತಾಳೆ ನಾರಿನ ಸುರುಳಿ. ಕಾಫಿ ಕೂಡ ಕುಡಿಯದೆ ನೇರ ಹಿಂದಕ್ಕೆ ಹೋದಳು. ನಾನು ಹಿಂದೆಯೇ ಹೋದೆ, ಪರೀಕ್ಷೆ ಬರೆದು ಮೇಷ್ಟ್ರ ಹಿಂದೆ ನಿಂತ ಹುಡುಗರ ಹಾಗೆ.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹುಲ್ಲೆಲ್ಲಾ ಅಷ್ಟು ಹೊತ್ತಿಗೆ ಮಲಗಿತ್ತು. ಭತ್ತ ಮಲಗುವ ಹಾಗೆ, ಒಂದರ ಮೇಲೊಂದು.

“ಅಯ್ಯೋ ಭಾವ,” ಅಂದಳು, “ಎಮ್ಮೆ ಯಾವಾಗ ತರ್ತೀರಿ?”

“ಯಾವ ಎಮ್ಮೆ?”

“ಮೇವು ಬೆಳ್ದಿದೀರಲ್ಲಾ, ಅದ್ಕೆ ಕೇಳ್ದೆ.”

ಒಂದು ಕಡ್ಡಿ ಎಳೆದು ನನ್ನ ಕೈಗೆ ಕೊಟ್ಟಳು. ಬಗ್ಗಿಸಿ ಅಂದಳು. ಬಗ್ಗಿಸಿದೆ. ಅದು ಬಗ್ಗಿ ಹಾಗೇ ಉಳಿಯಿತು. ಗೆಣ್ಣಿನ ಹತ್ತಿರ ಹಿಚುಕಿದರೆ ಟೊಳ್ಳು. ಆಮೇಲೆ ಅವಳು ಮಂಡಿಯೂರಿ ಬುಡದ ಮಣ್ಣು ಕೆದಕಿದಳು. ಗೊಬ್ಬರ ಕಂಡಿತು. ಅವಳು ನನ್ನ ಮುಖ ನೋಡಿದಳು, ನಾನು ಒಪ್ಪಿಕೊಂಡೆ. ನೀರು, ಗೊಬ್ಬರ, ಯೂರಿಯಾ, ಎಲ್ಲಾ ಹೇಳಿದೆ.

ಅವಳು ನಗುವುದಕ್ಕೆ ಶುರು ಮಾಡಿದಳು. ಕೂತು, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. “ಅಕ್ಕ ಇದ್ದಿದ್ರೆ…” ಅಂದಳು, ಅಲ್ಲಿಗೆ ನಗು ನಿಂತಿತು. ಅಳು ಬಂದದ್ದು ನನಗೆ ಮೊದಲು. ಹೆಂಡತಿ ಹೋದ ದಿನದಿಂದ ಬಂದಿರಲಿಲ್ಲ. ನನಗೆ ಏನು ದುಃಖ ಅಂತ ಆ ಹೊತ್ತಿನಲ್ಲಿ ಕೇಳಿದ್ದರೆ, ಪೊರಕೆ ಆಗುವುದಿಲ್ಲ ಅಂತಲೇ ಹೇಳುತ್ತಿದ್ದೆನೇನೋ.

“ಸಾಯ್ಸಿಬಿಟ್ನಾ?” ಅಂದೆ.

“ಇಲ್ಲ ಬುಡಿ. ಬುಡ ಚೆನ್ನಾಗವೆ. ಇದು ಅಷ್ಟಕ್ಕೆಲ್ಲಾ ಸಾಯೋ ಜಾತಿ ಅಲ್ಲ. ಕೊಬ್ಬೈತೆ, ಅಷ್ಟೇ. ಇದಕ್ಕೆ ಬಾಯಾರಿಕೆ ಆಗ್ಬೇಕು ಭಾವ. ಆಗ್ಲೇ ಕಡ್ಡಿ ಬಿಗಿಯೋದು. ನೀವು ಅದಕ್ಕೆ ಬಾಯಾರೋಕೇ ಬುಡ್ಲಿಲ್ಲ.” ಎದ್ದು ಕೈ ಝಾಡಿಸಿಕೊಂಡಳು. “ಮುಂದಿನ್ ಸಲ ಸುಮ್ನೆ ಬುಟ್ಬುಡಿ. ಸುಮ್ನಿರೋಕೆ ನಿಮ್ ಕೈಲಿ ಆಗಲ್ವಾ?”

ನಾನು ಬೋರಿನ ಪೈಪನ್ನು ಸುತ್ತಿ ಮೂಲೆಗೆ ಇಟ್ಟೆ.

ಕಾಂಪೌಂಡಿನ ಆಚೆಯ ಸಾಲು ನೆನಪಾದದ್ದು ಅವಳಿಗೆ. ಅಲ್ಲಿಗೆ ನನ್ನ ಪೈಪು ಮುಟ್ಟುತ್ತಿರಲಿಲ್ಲ. ಸುತ್ತಿ ಹೋಗಿ ನೋಡಿದರೆ ಐದಾರು ಗುಂಪು ಮೊದಲಿನ ಹಾಗೇ ಸಣ್ಣಗೆ, ಹಳದಿಯಾಗಿ, ನೆಟ್ಟಗೆ ನಿಂತಿದ್ದವು. ಉಳಿದವನ್ನು ಯಾರದೋ ಜೆಸಿಬಿ ತಿರುಗುವಾಗ ಕಿತ್ತುಹಾಕಿತ್ತು. “ಇದು ಅಕ್ಕನ ಹುಲ್ಲು” ಅಂದಳು ನಾದಿನಿ. ಮುಟ್ಟಿ ನೋಡಿದೆ. ತಂತಿಯ ಹಾಗಿತ್ತು. ಲೆಕ್ಕ ಹಾಕಿದರೆ ಒಂದು ಪೊರಕೆಗೂ ಸಾಲದು.

ಅವಳ ಯೋಚನೆ, ತವರಿನ ಬಂಡೆ ಇಳಿಜಾರಿನಿಂದ ನಾಲ್ಕು ಪೊರಕೆಗೆ ಆಗುವಷ್ಟು ತಾನು ತಂದು ತಾನೇ ಕಟ್ಟುವುದು, ಐದನೆಯದು ನಾನು. ಐದೂ ನನ್ನದೇ ಆಗಬೇಕು ಅಂತ ಹಟ ಮಾಡಲು ನನ್ನ ಹತ್ತಿರ ಹುಲ್ಲು ಎಲ್ಲಿತ್ತು? ಒಪ್ಪಿದೆ. ಆ ಒಂದಕ್ಕೆ ಹೊರಗಿನ ಗಟ್ಟಿ ಕಡ್ಡಿ ಅರ್ಧ, ನಾನು ಕೊಬ್ಬಿಸಿದ್ದರಲ್ಲಿ ಆರಿಸಿದ್ದು ಅರ್ಧ.

ಮರುದಿನ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಕೊಯ್ದೆವು. ಇಬ್ಬನಿ ಇದ್ದಾಗ ಕಾಳಿನ ಮುಳ್ಳು ಮೆತ್ತಗಿರುತ್ತದೆ, ಕೈಗೆ ಅಷ್ಟಾಗಿ ಚುಚ್ಚುವುದಿಲ್ಲ. ಕುಡುಗೋಲನ್ನು ಬುಡದಿಂದ ನಾಲ್ಕು ಬೆರಳು ಮೇಲೆ ಇಡಬೇಕು. ಎಳೆಯಬಾರದು, ಎಳೆದರೆ ಬೇರು ಅಲುಗುತ್ತದೆ. ನಾನು ಒಂದು ಗುಂಪನ್ನು ಎಳೆದೇಬಿಟ್ಟೆ. ಅವಳು ಬಾಯಿ ಮಾಡಲಿಲ್ಲ, ಅದನ್ನು ತೆಗೆದುಕೊಂಡು ಮತ್ತೆ ಗುಂಡಿಗೆ ಇಟ್ಟು ಹಿಮ್ಮಡಿಯಲ್ಲಿ ಒತ್ತಿದಳು. ಬಿಸಿಲಿಗೆ ಮೂರು ದಿನ ಹರಡಿದೆವು. ಆಮೇಲೆ ತೆನೆಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಕಾಳು ಉದುರಿಸುವುದು, ಕಡ್ಡಿಗೆ ಸುತ್ತಿಕೊಂಡ ಒಣ ಎಲೆಯನ್ನು ಹೆಬ್ಬೆರಳಿನಲ್ಲಿ ಸವರಿ ತೆಗೆಯುವುದು. ನನ್ನ ಬನಿಯನ್ನಿನ ತುಂಬಾ ಮುಳ್ಳು. ಒಂದೊಂದೇ ಕಿತ್ತು ಹಾಕುವಾಗ, ಇಷ್ಟು ವರ್ಷ ಈ ಕೆಲಸ ಈ ಮನೆಯ ಹಿಂದೆಯೇ ನಡೆಯುತ್ತಿದ್ದಾಗ ನಾನು ಎಲ್ಲಿದ್ದೆ ಅಂತ ಯೋಚಿಸಿದೆ. ಒಳಗೆ ಪೇಪರ್ ಓದುತ್ತಿದ್ದೆ. ಅವಳು ಬಡಿಯುವ ಸದ್ದು ಜೋರಾದರೆ ಕಿಟಕಿ ಮುಚ್ಚುತ್ತಿದ್ದೆ.

ಕಟ್ಟುವುದು ಇದೆಲ್ಲಕ್ಕಿಂತ ಕಷ್ಟ. ಕತ್ತಾಳೆ ನಾರನ್ನು ನೀರಿನಲ್ಲಿ ನೆನೆಸಿ ಒದ್ದೆ ಇರುವಾಗಲೇ ಸುತ್ತಬೇಕು. ಒಣಗುತ್ತಾ ಅದು ತಾನೇ ಬಿಗಿಯುತ್ತದೆ. ನೀರು ಬೇಕಿದ್ದುದು ಅಲ್ಲಿ. ಹಿಡಿಯ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಹಲ್ಲಿನಲ್ಲಿ ಹಿಡಿದು, ಪೊರಕೆಯನ್ನೇ ತಿರುಗಿಸುತ್ತಾ ಸುತ್ತುವುದು. ಮೂರು ಕಡೆ ಕಟ್ಟು. ಕಟ್ಟಿ ಆದ ಮೇಲೆ ನಡುವೆ ಇನ್ನೊಂದು ಸಣ್ಣ ಹಿಡಿ ಕಡ್ಡಿಯನ್ನು ತುರುಕಿದರೆ ಅಲುಗಾಡದ ಹಾಗೆ ನಿಲ್ಲುತ್ತದೆ. ನಾದಿನಿ ಊರಿಗೆ ಹೋಗುವ ಮುಂಚೆ ಇದನ್ನು ಎರಡು ಸಲ ಮಾಡಿ ತೋರಿಸಿದಳು. ಎರಡು ಸಲವೂ ಬಿಚ್ಚಿ ನನ್ನ ಮುಂದೆ ಇಟ್ಟಳು.

ನನ್ನದು ನಿಲ್ಲಲಿಲ್ಲ. ಸುತ್ತುವಾಗ ಗಟ್ಟಿ ಇರುತ್ತಿತ್ತು, ಎತ್ತಿ ಕೊಡವಿದರೆ ನಡುವಿನಿಂದ ಒಂದೊಂದೇ ಕಡ್ಡಿ ಜಾರಿ ಕೆಳಗೆ ಬೀಳುತ್ತಿತ್ತು. ನನ್ನ ಮೆತ್ತನೆಯ ಕಡ್ಡಿಗಳು ನಾರಿನ ಬಿಗಿಗೆ ಚಪ್ಪಟೆಯಾಗಿ ಸಡಿಲ ಬಿಡುತ್ತಿದ್ದವು. ಹದಿನೈದು ದಿನ ಅದೇ ಕೆಲಸ. ಕಾಲಿನ ಹೆಬ್ಬೆರಳು ಕುಯ್ದುಕೊಂಡು ಹೋಯಿತು. ಮಗಳು ಫೋನ್ ಮಾಡಿ, “ಚಿಕ್ಕಮ್ಮ ನಾಲ್ಕು ಕಟ್ಟಿದಾರಂತೆ. ನಾಲ್ಕು ಸಾಕು ಕಣಪ್ಪಾ, ಅಲ್ಲಿ ಯಾರೂ ಎಣಿಸಲ್ಲ” ಅಂದಳು. ನಾನು ಎಣಿಸುತ್ತೀನಲ್ಲ ಅಂದೆ. ಆಮೇಲೆ ಅವಳು ಹಾಗೆ ಹೇಳಲಿಲ್ಲ. ಶನಿವಾರ ತಾನೇ ಬಂದು, ಒಂದು ತುದಿಯನ್ನು ತನ್ನ ಕೈಯಲ್ಲಿ ಹಿಡಿದು ಎದುರಿಗೆ ಕೂತಳು. ಅಪ್ಪ ಮಗಳು ಅಷ್ಟು ಹೊತ್ತು ಎದುರುಬದುರು ಕೂತದ್ದು ಅವಳ ಅಮ್ಮ ಹೋದ ಮೇಲೆ ಅದೇ ಮೊದಲು. ಎಳೆ, ಬಿಡು, ಎಳೆ, ಅಷ್ಟೇ ಮಾತು. ಮಧ್ಯಾಹ್ನದ ಹೊತ್ತಿಗೆ ಒಂದು ಕಟ್ಟು ನಿಂತಿತು. ಸೊಟ್ಟ. ಆದರೆ ಕೊಡವಿದರೆ ಏನೂ ಬೀಳಲಿಲ್ಲ.

ಸೋಮವಾರ ನಾದಿನಿ ತುಮಕೂರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದಳು. ಅವಳ ನಾಲ್ಕು ಪೊರಕೆ ಒಂದು ಗೋಣಿಚೀಲದಲ್ಲಿ, ತುದಿ ಒಂದೇ ಸಮ, ಅಂಗಡಿಯದೇ ಇರಬೇಕು ಅನ್ನುವ ಹಾಗೆ. ನನ್ನದನ್ನು ನೋಡಿ, “ಗರ್ಭಿಣಿ ಆಗೈತೆ” ಅಂದಳು. ನಡು ದಪ್ಪಗಾಗಿತ್ತು, ನಿಜ. ಗುಬ್ಬಿಯವರೆಗೂ ನಾನು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು.

ಮಠ ಸಣ್ಣದು. ಮುಂದೆ ಮಣ್ಣಿನ ಅಂಗಳ, ಒಂದು ಬಿಲ್ವದ ಮರ. ಒಳಗೆ ಗದ್ದುಗೆ, ಅದರ ಸುತ್ತ ತುಳಿದು ತುಳಿದು ನುಣ್ಣಗಾದ ಚಪ್ಪಡಿ ನೆಲ. ಅಂಗಳ ಗುಡಿಸುವ ಹೆಂಗಸು ನನ್ನ ಹೆಂಡತಿಗಿಂತ ಹಿರಿಯಳು. ವರ್ಷಕ್ಕೊಮ್ಮೆ ಅವರಿಬ್ಬರೂ ಬಿಲ್ವದ ಕೆಳಗೆ ಕೂತು ಮಾತಾಡುತ್ತಿದ್ದುದನ್ನು ನಾನು ದೂರದಿಂದ ನೋಡಿದ್ದೆ. ಈಗ ಅವಳು ನಾದಿನಿಯನ್ನು ನೋಡಿ, ನನ್ನನ್ನು ನೋಡಿ, ನಮ್ಮ ಹಿಂದೆ ಇನ್ನೂ ಯಾರೋ ಬರುತ್ತಿರಬೇಕು ಅನ್ನುವ ಹಾಗೆ ಗೇಟಿನ ಕಡೆ ನೋಡಿದಳು. ನಾದಿನಿ ಹತ್ತಿರ ಹೋಗಿ ಮೆತ್ತಗೆ ವಿಷಯ ಹೇಳಿದಳು. ಆ ಹೆಂಗಸು “ಅಯ್ಯೋ ನಮ್ಮವ್ವ” ಅಂದು ಕಟ್ಟೆಯ ಮೇಲೆ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಎದ್ದು ಪೊರಕೆ ನೋಡಿದಳು. ಅದು ಅವಳ ಕೆಲಸ. ನಾದಿನಿಯ ನಾಲ್ಕನ್ನು ಒಂದೊಂದಾಗಿ ಅಂಗೈಗೆ ಕುಟ್ಟಿ ಪಕ್ಕಕ್ಕೆ ಇಟ್ಟಳು. ನನ್ನದನ್ನು ಎತ್ತಿದವಳು ನಿಂತಳು. ತುದಿಯನ್ನು ನೆಲಕ್ಕೆ ಒತ್ತಿ ನೋಡಿದಳು. ಅರ್ಧ ನೆಟ್ಟಗೆ ನಿಂತಿತು, ಅರ್ಧ ಮಲಗಿತು.

“ಇದ್ಯಾರು ಕಟ್ಟಿದ್ದು?”

ನಾದಿನಿ ಗಲ್ಲದಿಂದ ನನ್ನ ಕಡೆ ತೋರಿಸಿದಳು. “ಭಾವ. ಅಕ್ಕನ ಹುಲ್ಲು, ಮನೆ ಹಿಂದಿಂದು. ನೀರು ಕುಡ್ಸಿಬುಟ್ಟವ್ರೆ.”

“ಮೆತ್ಗೈತೆ ಸಾಮಿ. ಅಂಗಳಕ್ಕೆ ಆಗಲ್ಲ. ಮಣ್ಣು ಕಚ್ಚಲ್ಲ ಇದು.”

ವಾಪಸ್ಸು ತಗೊಂಡು ಹೋಗಲೇ ಅಂತ ಕೇಳಿದೆ.

“ತಂದಿದ್ದನ್ನ ಯಾರಾದ್ರೂ ವಾಪಸ್ ತಗಂಡೋಯ್ತಾರಾ?” ಅಂದಳು, ಸ್ವಲ್ಪ ಕೋಪದಲ್ಲೇ. ಪೊರಕೆಯನ್ನು ಬಿಲ್ವದ ಬುಡದ ಕಲ್ಲಿಗೆ ಎರಡು ಸಲ ಬಡಿದಳು. ಒಂದಿಷ್ಟು ದೂಳು, ನಾಲ್ಕೈದು ಕಾಳು ಉದುರಿದವು, ಕಟ್ಟು ನಿಂತಿತು. ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಗದ್ದುಗೆಯ ಪಕ್ಕದಿಂದ ಶುರು ಮಾಡಿ ಆ ನುಣ್ಣನೆಯ ನೆಲದ ಮೇಲೆ ಒಂದು ಸಲ ಬೀಸಿದಳು, ತಿರುಗಿ ಇನ್ನೊಂದು ಸಲ. ಬಿಲ್ವದ ಎಲೆ, ಅಕ್ಕಿಕಾಳು, ವಿಭೂತಿ ಪುಡಿ ಒಂದು ಗೆರೆಯಾಗಿ ಮುಂದೆ ಬಂತು. ಗಟ್ಟಿ ಕಡ್ಡಿ ಚಪ್ಪಡಿಯ ಸಂದಿಗೆ ಹೋಗುತ್ತಿತ್ತು, ಮೆತ್ತನೆಯದು ಪುಡಿಯನ್ನು ಸವರಿಕೊಂಡು ಬರುತ್ತಿತ್ತು.

“ಇಲ್ಲಿಗಾಯ್ತದೆ,” ಅಂದಳು. “ಒಂದ್ ತಿಂಗ್ಳು ಬರ್ಬೋದು. ಹೆಚ್ಗೇನಿಲ್ಲ.”

“ಒಂದು ತಿಂಗಳು ಬರುತ್ತಾ?” ಅಂದೆ.

“ದಿನಾ ಗುಡಿಸಿದ್ರೆ ಒಂದ್ ತಿಂಗ್ಳು.”

ದಿನವೂ ಗುಡಿಸಿದರೆ ಸವೆಯುತ್ತದೆ. ನನ್ನ ಹೆಂಡತಿ ಕಟ್ಟಿದ ಐದೈದು ಪೊರಕೆಗಳೂ ಇಲ್ಲಿ ಹಾಗೇ ಸವೆದು ಹೋಗಿರಬೇಕು. ಇಷ್ಟು ವರ್ಷದ್ದರಲ್ಲಿ ಒಂದೂ ಎಲ್ಲೂ ಉಳಿದಿರಲಿಲ್ಲ. ನಾನು ಗೋಡೆ ಪಕ್ಕ ನಿಂತು ನೋಡುತ್ತಿದ್ದೆ. ಆ ಹೆಂಗಸು ಬಗ್ಗಿಕೊಂಡೇ ಗುಡಿಸುತ್ತಾ ಹತ್ತಿರ ಬಂದಳು, ನನ್ನ ಮುಂದೆ ನಿಂತು ತಲೆಯೆತ್ತಿದಳು.

“ವಸಿ ಆ ಕಡೆ ನಿಂತ್ಕಳಿ ಸಾಮಿ,” ಅಂದಳು. “ಕಸ ನಿಮ್ ಕಾಲ್ ಕೆಳ್ಗೇ ಐತೆ.”

ನಾನು ಪಕ್ಕಕ್ಕೆ ಸರಿದೆ.